ಮೋರಟಗಿಯ ನಾಲ್ಕು ಕೋಳಿ

ರೇವವ್ವನ ಬಾಯಿ ಯಂಕಂಚಿಯಲ್ಲಿ ಹೆಸರುವಾಸಿ. ಅವಳು ಕೂಗಿದರೆ ಓಣಿಯ ಆ ತುದಿಯ ನಾಯಿಯೂ ಎದ್ದು ಕೂರುತ್ತದೆ. ಆದರೆ ಆ ಬುಧವಾರ ಮುಂಜಾನೆ ಹಿತ್ತಿಲಿನ ಕೋಳಿಗೂಡಿನ ಬಾಗಿಲು ತೆಗೆದವಳಿಗೆ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಎರಡು ಕೋಳಿ ಮೂಲೆಯಲ್ಲಿ ಕಾಲು ಚಾಚಿ ಸತ್ತು ಬಿದ್ದಿದ್ದವು. ಇನ್ನೂ ಐದಾರು ಕುತ್ತಿಗೆಯನ್ನು ಮೇಲಕ್ಕೆ ನೀಡಿ, ಕೊಕ್ಕು ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಕೆಮ್ಮಿಲ್ಲ, ಸೀನಿಲ್ಲ, ಗಂಟಲಿನ ಗೊರಗೊರ ಸದ್ದೂ ಇಲ್ಲ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು, ಅಷ್ಟೇ.

ಎಲ್ಲ ಸೇರಿ ಹತ್ತೊಂಬತ್ತು ಕೋಳಿ. ಆ ಮನೆಯಲ್ಲಿ ಕುರಿಗಳು ಗಂಡ ಚಂದಪ್ಪನವು. ಅವನು ಹಿಂಡು ಹೊಡೆದುಕೊಂಡು ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುವವನು. ಹೊಲ ಮಗ ದುಂಡೇಶನದು. ಕೋಳಿ ಮಾತ್ರ ರೇವವ್ವನವು, ಅವುಗಳ ವಿಷಯಕ್ಕೆ ಯಾರೂ ಕೈಹಾಕುವಂತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಗಂಡನ ಮನೆಗೆ ಬರುವಾಗ ಅವಳ ಅವ್ವ ಒಂದು ಜೋಡಿ ಜವಾರಿ ಕೋಳಿಯನ್ನು ಬುಟ್ಟಿಯಲ್ಲಿ ಕಟ್ಟಿ ಕೊಟ್ಟಿದ್ದಳು. ಅವುಗಳ ಮರಿ, ಮರಿಗಳ ಮರಿ ಎಂದು ಆ ಸಂತಾನವೇ ಇಲ್ಲಿಯವರೆಗೆ ನಡೆದು ಬಂದಿತ್ತು. ಹೊರಗಿನ ತತ್ತಿಯೊಂದನ್ನೂ ರೇವವ್ವ ಕಾವಿಗೆ ಇಟ್ಟವಳಲ್ಲ. ಅವ್ವ ತೀರಿಕೊಂಡು ಹದಿನೈದು ವರ್ಷ. ತವರಿನ ಮನೆ ಬಿದ್ದು ಹೋಗಿದೆ, ಅಣ್ಣಂದಿರು ದಿಕ್ಕಿಗೊಬ್ಬರಾಗಿದ್ದಾರೆ. ತವರು ಅಂತ ಉಳಿದದ್ದೆಂದರೆ ಹಿತ್ತಿಲಲ್ಲಿ ಕೆದರಿಕೊಂಡು ತಿರುಗುವ ಈ ಕೋಳಿಗಳೇ. ಅವು ಹೋದರೆ ಎಲ್ಲವೂ ಹೋದ ಹಾಗೆ.

ಗೋಡೆಯಾಚೆಯಿಂದ ಹುಚ್ಚವ್ವ ಇಣುಕಿದಳು. ಪಕ್ಕದ ಮನೆಯವಳು. ಕರೆಯದಿದ್ದರೂ ಬರುವುದು, ಕೇಳದಿದ್ದರೂ ಹೇಳುವುದು ಅವಳ ಸ್ವಭಾವ.

"ಕೊಕ್ಕರೆ ರೋಗ ನೋಡ ರೇವವ್ವಾ. ಒಂದಕ್ಕ ಬಂತಂದ್ರ ಓಣಿಗೆಲ್ಲಾ ಬಂದಂಗ. ನಮ್ಮ ಕೋಳಿ ಈ ಕಡೆ ಬರಧಂಗ ಮಾಡ್ತೇನಿ ನಾ."

"ಇಷ್ಟು ವರ್ಷ ಬರಲಾರದ್ದು ಈಗ ಹ್ಯಾಂಗ ಬಂತು?"

"ಹ್ಯಾಂಗ ಅಂದ್ರ? ಹೊಸಾ ಕೋಳಿ ಬಂದಾವಲ್ಲ ನಿಮ್ಮನಿಗೆ." ಹುಚ್ಚವ್ವ ಗದ್ದವನ್ನು ಪಡಸಾಲೆಯ ಕಡೆ ತಿರುಗಿಸಿದಳು.

ಪಡಸಾಲೆಯಲ್ಲಿ ದೊಡ್ಡ ಬಿದಿರಿನ ಬುಟ್ಟಿ ಬೋರಲಾಗಿತ್ತು. ಅದರೊಳಗೆ ಸೊಸೆ ರೇಣುಕಾಳ ನಾಲ್ಕು ಕೋಳಿ. ದೀವಳಿಗೆಗೆ ಮೋರಟಗಿಯ ತವರಿಗೆ ಹೋದವಳು ಎಂಟು ದಿನದ ಕೆಳಗೆ ಅವನ್ನು ತಂದಿದ್ದಳು. ತಂದ ದಿನವೇ ಹಳೆಯ ಕೋಳಿಗಳು ಅವನ್ನು ಕುಟುಕಿ ಕುಟುಕಿ ಓಡಿಸಿದ್ದರಿಂದ ಬೇರೆ ಇಟ್ಟಿದ್ದಳು. ಹಗಲು ಅಂಗಳದಲ್ಲಿ, ಸಂಜೆಯಾದರೆ ಬುಟ್ಟಿಯ ಕೆಳಗೆ.

ರೇವವ್ವನಿಗೆ ಈಗ ಬಾಯಿ ಬಂತು. ಕಾರಣ ಸಿಕ್ಕಿತಲ್ಲ. ತನ್ನ ಕಡೆಯಿಂದ ಯಾವ ಕೊರತೆಯೂ ಆಗಿಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಈ ಸಲದ ಚಳಿಗೆ ಗೂಡಿನ ಸುತ್ತ ತಾಡಪತ್ರಿ ಬಿಗಿದಿದ್ದಳು. ಗಾಳಿ ಒಂದು ಎಳೆಯೂ ನುಸುಳದ ಹಾಗೆ. ಹೋದ ವಾರ ಜೋಳದ ಹಗೇವು ತೆಗೆಸಿದಾಗ ಬಂದ ರವದಿಯನ್ನು ಗೂಡಿನೊಳಗೆ ಗೇಣುದ್ದ ಹಾಸಿ ಮೆತ್ತಗೆ ಮಾಡಿದ್ದಳು. ತನ್ನ ಹಾಸಿಗೆಗಿಂತ ಕೋಳಿಯ ಹಾಸಿಗೆಯೇ ಚೆನ್ನಾಗಿದೆ ಎಂದು ನಗೆಯಾಡಿದ್ದೂ ಉಂಟು.

"ರೇಣುಕಾ!"

ರೇಣುಕಾ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಂದಳು. ಸತ್ತ ಕೋಳಿ ನೋಡಿ ಅವಳ ಮುಖವೂ ಬಾಡಿತು.

"ನಿಮ್ಮವ್ವ ಕೋಳಿ ಕೊಟ್ಟಾಳೋ ರೋಗ ಕಟ್ಟಿ ಕಳಿಸ್ಯಾಳೋ?"

"ಅತ್ತೀ, ನನ್ನ ಕೋಳಿ ನಾಲ್ಕೂ ಚಲೋ ಅದಾವ್ರಿ. ಒಂದರ ಕೆಮ್ಮಿದ್ದು ಕೇಳೀರೇನು? ರೋಗ ತಂದಿದ್ರ ಮೊದಲ ಅವ ಬೀಳತಿದ್ದೂ."

"ತಂದಾವು ತಾವ್ ಆರಾಮ ಅದಾವ, ನನ್ನವು ಸಾಯಾಕತ್ತಾವ. ಏನ್ ನ್ಯಾಯ ಐತಿ ನೋಡು."

ಅಷ್ಟಕ್ಕೇ ಬಿಡಲಿಲ್ಲ ರೇವವ್ವ. ನಳದ ಹತ್ತಿರ ನೀರು ತುಂಬುವ ಹೆಂಗಸರೆಲ್ಲರ ಮುಂದೆ ಇದು ಮೋರಟಗಿ ರೋಗ ಎಂದು ಸಾರಿದಳು. ಆಮೇಲೆ ತನ್ನ ಸಣ್ಣ ಫೋನು ತೆಗೆದು ರೇಣುಕಾಳ ಅವ್ವ ಗುರವ್ವನಿಗೇ ಹಚ್ಚಿದಳು. ಗಂಡಿನ ಕಡೆಯ ಬೀಗತಿ ಬೈಯುತ್ತಿದ್ದರೆ ಹೆಣ್ಣು ಕೊಟ್ಟವಳು ಏನು ಹೇಳಿಯಾಳು? ಆ ಕಡೆಯಿಂದ ಹೂಂ, ಹೌದ್ರಿ, ಹೂಂ ಎಂಬುದಷ್ಟೇ ಕೇಳಿಸುತ್ತಿತ್ತು. ರೇಣುಕಾ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. ಅವತ್ತು ಅವಳು ಬಡಿದ ರೊಟ್ಟಿಗಳ ಸದ್ದು ದಿನಕ್ಕಿಂತ ಜೋರಾಗಿತ್ತು.

ಮುಂದಿನ ಎರಡು ದಿನ ರೇವವ್ವ ಕುಳಿತಲ್ಲಿ ಕೂಡಲಿಲ್ಲ. ಬೆಳ್ಳುಳ್ಳಿ ಅರೆದು ಅರಿಶಿನ ಕಲಸಿ ಗುಳಿಗೆ ಮಾಡಿ ಒಂದೊಂದರ ಕೊಕ್ಕು ಬಿಡಿಸಿ ನುಂಗಿಸಿದಳು. ಗೂಡಿನೊಳಗೆ ಓಮಿನ ಹೊಗೆ ಹಾಕಿದಳು. ಹೊಗೆ ಹೊರಗೆ ಹೋಗದಿರಲಿ ಎಂದು ತಾಡಪತ್ರಿಯನ್ನು ಇನ್ನಷ್ಟು ಬಿಗಿದಳು. ಗುರುವಾರ ಒಂದು ಹೋಯಿತು. ಶುಕ್ರವಾರ ಮುಂಜಾನೆ ಮತ್ತೆರಡು. ಉಳಿದವು ಹದಿನಾಲ್ಕು.

ಶುಕ್ರವಾರ ಅವಳು ಎರಡು ನಿರ್ಧಾರ ಮಾಡಿದಳು. ಒಂದು, ಸತ್ತ ಒಂದು ಕೋಳಿಯನ್ನೂ ಉಸಿರು ಕಟ್ಟಿದ ಒಂದನ್ನೂ ತೆಗೆದುಕೊಂಡು ಸಿಂದಗಿಯ ದನದ ದವಾಖಾನೆಗೆ ಹೋಗುವುದು. ಇನ್ನೊಂದನ್ನು ಹೊಸ್ತಿಲಲ್ಲಿ ನಿಂತು ಮಗನಿಗೆ ಹೇಳಿದಳು.

"ದುಂಡೇಶಾ, ನಾ ಹೊಳ್ಳಿ ಬರೂದ್ರೊಳಗ ಆ ನಾಲ್ಕು ಕೋಳಿ ಈ ಮನ್ಯಾಗ ಇರಬಾರದು. ಕೊಯ್ದು ಹಾಕು."

ದುಂಡೇಶ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ಅವ್ವನ ಮುಖ ನೋಡಿದ. ಒಳ್ಳೆಯ ಹುಡುಗ, ಆದರೆ ಅವ್ವನ ಮಾತು ಮೀರಿ ಅವನಿಗೆ ರೂಢಿಯಿಲ್ಲ.

"ಆತು ಬಿಡ ಯವ್ವಾ" ಎಂದ.

ರೇಣುಕಾ ಬುಟ್ಟಿಯ ಹತ್ತಿರ ಹೋಗಿ ಕೂತು, ಬಿದಿರಿನ ಸಂದಿಯಿಂದ ಒಂದು ಹಿಡಿ ಜೋಳ ಒಳಗೆ ಹಾಕಿದಳು.

ಟಂಟಂ ಆಟೋದಲ್ಲಿ ಕಾಲ ಬಳಿ ಸತ್ತ ಕೋಳಿಯ ಚೀಲ ಇಟ್ಟುಕೊಂಡು, ತೊಡೆಯ ಮೇಲೆ ಜೀವವಿದ್ದ ಕೋಳಿಯನ್ನು ಅವುಚಿಕೊಂಡು ರೇವವ್ವ ಸಿಂದಗಿ ಮುಟ್ಟಿದಳು. ದಾರಿಯುದ್ದ ಅದರ ಎದೆ ಅವಳ ಅಂಗೈಯಲ್ಲಿ ಡವಡವ ಅನ್ನುತ್ತಿತ್ತು. ತಡಿ, ಮುಟ್ಟಿದ್ವಿ, ತಡಿ ಎಂದು ಅವಳು ಅದಕ್ಕೆ ಹೇಳುತ್ತಲೇ ಇದ್ದಳು.

ಅಲ್ಲಿಯ ಡಾಕ್ಟರು ವಿಜಯಲಕ್ಷ್ಮಿ, ಮೂವತ್ತರ ಆಸುಪಾಸಿನ ಚುರುಕು ಹೆಣ್ಣುಮಗಳು. ಎಮ್ಮೆಯೊಂದಕ್ಕೆ ಸೂಜಿ ಹಾಕಿ ಬಂದವಳು ಮೊದಲು ಜೀವವಿದ್ದ ಕೋಳಿಯನ್ನು ಕಿವಿಯ ಹತ್ತಿರ ಹಿಡಿದು ಕೇಳಿದಳು. ಹಿಕ್ಕೆಯ ಬಣ್ಣ ವಿಚಾರಿಸಿದಳು. ಕುತ್ತಿಗೆ ತಿರುಚುತ್ತವೆಯೇ, ಕಾಲು ಎಳೆಯುತ್ತವೆಯೇ ಎಂದಳು. ಎಲ್ಲಕ್ಕೂ ಇಲ್ಲ ಎಂದಳು ರೇವವ್ವ. ಆಮೇಲೆ ಡಾಕ್ಟರು ಮುಖಕ್ಕೆ ಮಾಸ್ಕು ಹಾಕಿಕೊಂಡು, ಹೊರಗಿನ ಸಿಮೆಂಟು ಕಟ್ಟೆಯ ಮೇಲೆ ಸತ್ತ ಕೋಳಿಯನ್ನು ಇಟ್ಟು ಕತ್ತರಿಯಿಂದ ಎದೆ ಬಿಡಿಸಿದಳು.

"ಇಲ್ಲಿ ನೋಡ್ರಿ ಆಯಿ."

ರೇವವ್ವ ಬಗ್ಗಿ ನೋಡಿದಳು. ಸಾವಿರ ಸಲ ಕೋಳಿ ಹಸನು ಮಾಡಿದ ಕೈ ಅವಳದು. ಪುಪ್ಪುಸ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕೆಂಪಗೆ ಇರಬೇಕಾದ ಅದರ ತುಂಬ ಹಳದಿ ಕಾಳುಗಳು, ಜೋಳದ ನುಚ್ಚು ಚೆಲ್ಲಿದ ಹಾಗೆ.

"ಕೊಕ್ಕರೆ ರೋಗ ಇದ್ದಂಗ ಕಾಣಂಗಿಲ್ರಿ ಇದು. ಲ್ಯಾಬಿಗೆ ಕಳಸ್ತೇನಿ, ಆದ್ರ ನನ್ನ ಕಣ್ಣಿಗೆ ಇದು ಬೂಷ್ಟು. ಬೂಷ್ಟಿನ ಪುಡಿ ಗಾಳ್ಯಾಗ ಹಾರಿ, ಉಸಿರಿನ ಕೂಡ ಒಳಗ ಹೋಗಿ, ಇಲ್ಲಿ ಕುಂತು ಬೆಳದೈತಿ. ಅದಕ್ಕ ಉಸಿರು ಕಟ್ಟಾಕತ್ತೈತಿ."

"ಹೊಸಾ ಕೋಳಿ ತಂದದ್ದಕ್ಕ ಬಂದಿರಬೇಕ್ರಿ?"

"ಇಲ್ಲವಾ. ಇದು ಒಂದು ಕೋಳಿಯಿಂದ ಇನ್ನೊಂದು ಕೋಳಿಗೆ ಹತ್ತೂದಲ್ಲ. ಎಲ್ಲಾವೂ ಒಂದ ಜಾಗಾದಾಗಿನ ಬೂಷ್ಟು ಕುಡದಾವ. ಗೂಡಿನ್ಯಾಗ ಏನ್ ಹಾಸೀರಿ?"

ರೇವವ್ವನ ಕೈ ಕಂಕುಳಲ್ಲಿದ್ದ ಕೋಳಿಯ ಬೆನ್ನಮೇಲೆಯೇ ನಿಂತಿತು.

ಹಗೇವು ಎಂದರೆ ನೆಲದೊಳಗೆ ಆಳುದ್ದ ತೋಡಿದ ಜೋಳದ ಕಣಜ. ಊರಲ್ಲಿ ಉಳಿದದ್ದು ಎರಡೇ, ಅದರಲ್ಲಿ ಒಂದು ರೇವವ್ವನ ಮನೆಯದು. ಜೋಳಕ್ಕೆ ಮಣ್ಣು ತಾಗದಿರಲಿ ಎಂದು ಸುತ್ತಲೂ ತಳಕ್ಕೂ ಜೋಳದ ಒಣ ಎಲೆ, ಅಂದರೆ ರವದಿ, ಹಾಕುತ್ತಾರೆ. ಮೂರು ವರ್ಷ ಮುಚ್ಚಿದ್ದನ್ನು ಹೋದ ವಾರ ತೆಗೆಸಿದ್ದರು. ಈ ಸಲದ ಮಳೆಗೆ ಒಂದು ಮಗ್ಗುಲಿಗೆ ನೀರು ಜಿನುಗಿತ್ತು. ಜೋಳ ಉಳಿದಿತ್ತು, ರವದಿ ಮುಗ್ಗಿತ್ತು. ಬೇರೆ ಯಾರಾದರೂ ಅದನ್ನು ತಿಪ್ಪೆಗೆ ಎಸೆಯುತ್ತಿದ್ದರು. ಆದರೆ ಹಗೇವಿನಿಂದ ಬಂದದ್ದನ್ನು ಆ ಮನೆಯಲ್ಲಿ ತಿಪ್ಪೆಗೆ ಹಾಕುವ ಪದ್ಧತಿಯಿಲ್ಲ. ಲಕ್ಷ್ಮಿ ಮಲಗಿ ಎದ್ದ ಹಾಸಿಗೆ ಅದು ಎಂದು ಅವಳ ಅತ್ತೆ ಹೇಳಿದ್ದಳು, ಆ ಅತ್ತೆಗೆ ಅವಳ ಅತ್ತೆ. ಎತ್ತುಗಳಿಗೆ ಹಾಕಿದರೆ ಮೂಸಿ ಮುಖ ತಿರುಗಿಸಿದವು. ಅದಕ್ಕೇ ಬಿಸಿಲಿಗೂ ಹಾಕದೆ ಎಲ್ಲವನ್ನೂ ಬಾಚಿ ತಂದು ಕೋಳಿಗೂಡಿಗೆ ಹಾಸಿದ್ದಳು. ತನ್ನ ಎರಡೂ ಕೈಯಿಂದ, ಪ್ರೀತಿಯಿಂದ.

"ಹಗೇವಿನ ರವದಿ ಹಾಸೇನ್ರಿ" ಎಂದಳು.

"ಮುಗ್ಗಿದ್ದು?"

"ಹೂಂ."

"ಗೂಡ ಮುಚ್ಚಿಟ್ಟೀರಿ?"

"ತಾಡಪತ್ರಿ ಕಟ್ಟೇನ್ರಿ. ಹೊಗಿ ಹಾಕೇನ್ರಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು. ಆ ಹೆಣ್ಣುಮಗಳು ಒಂದು ಚೀಟಿಯಲ್ಲಿ ಬರೆಯುತ್ತ ನಿಧಾನವಾಗಿ ಹೇಳಿದಳು. ಇದಕ್ಕೆ ಖಾತ್ರಿಯ ಔಷಧವಿಲ್ಲ. ಉಸಿರು ಪೂರ್ತಿ ಕಟ್ಟಿದವು ಉಳಿಯುವುದಿಲ್ಲ, ಉಳಿದವನ್ನು ಉಳಿಸಿಕೊಳ್ಳಬಹುದು. ಇವತ್ತೇ ಕೋಳಿಗಳನ್ನು ಗೂಡಿನಿಂದ ತೆಗೆಯಬೇಕು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಪುಡಿ ಹಾರದಂತೆ ನೀರು ಚಿಮುಕಿಸಿ ರವದಿ ತೆಗೆಯಬೇಕು, ದೂರ ಒಯ್ದು ಸುಡಬೇಕು. ಗೂಡಿಗೆ ಮೈಲುತುತ್ತದ ನೀರು ಹೊಡೆದು, ಒಣಗಿಸಿ, ಸುಣ್ಣ ಬಳಿಯಬೇಕು. ಗಾಳಿ ಆಡಬೇಕು, ಹೊಗೆ ಬೇಡವೇ ಬೇಡ.

ಹೊರಗೆ ಬಂದವಳೇ ರೇವವ್ವ ಸೆರಗಿನ ಗಂಟಿನಿಂದ ಸಣ್ಣ ಫೋನು ತೆಗೆದು ಮಗನಿಗೆ ಹಚ್ಚಿದಳು.

"ದುಂಡೇಶಾ, ಕೊಯ್ಯಬ್ಯಾಡ!"

"ಏನ ಯವ್ವಾ?"

"ಕೋಳಿ. ರೇಣುಕಾನ ಕೋಳಿ. ಕೊಯ್ಯಬ್ಯಾಡ."

"ಕೊಯ್ದಾತಲ್ಲ. ನೀ ಹ್ವಾದ ತಾಸಿಗೇ ಕೊಯ್ದೆ. ಸಾರೂ ಆಗೈತಿ. ಹುಚ್ಚವ್ವ ಬಟ್ಟಲಾ ಕಳಿಸಿದ್ಲು, ಅವರಿಗೂ ಕೊಟ್ಟೀವಿ. ಯಾಕ, ಏನಂದ್ರು ಡಾಕ್ಟರ?"

ರೋಗದ ಕೋಳಿ, ರೋಗದ ಕೋಳಿ ಎಂದು ಎದೆ ಬಡಿದುಕೊಂಡ ಹುಚ್ಚವ್ವ ಬಟ್ಟಲು ಕಳಿಸಿದ್ದಳು. ಬೇರೆ ದಿನವಾಗಿದ್ದರೆ ರೇವವ್ವ ನಕ್ಕುಬಿಡುತ್ತಿದ್ದಳು.

"ಏನಿಲ್ಲ" ಎಂದು ಫೋನು ಇಟ್ಟಳು.

ಆ "ಏನಿಲ್ಲ" ಅವಳ ಜೊತೆ ಟಂಟಂ ಹತ್ತಿ ಊರಿಗೆ ಬಂತು. ದಾರಿಯಲ್ಲಿ ಬೇಕಾದಷ್ಟು ಸಮಾಧಾನ ಹೇಳಿಕೊಂಡಳು. ಕೊಯ್ದ ಕೋಳಿ ತಿರುಗಿ ಬರುವುದಿಲ್ಲ. ಹೇಳಿದರೆ ಯಾರಿಗೇನು ಲಾಭ? ಸೊಸೆಯ ಮುಂದೆ ಸಣ್ಣವಳಾಗುವುದಷ್ಟೇ. ಮೊದಲು ಉಳಿದ ಹದಿನಾಲ್ಕನ್ನು ಉಳಿಸೋಣ, ಆಮೇಲೆ ನೋಡಿದರಾಯಿತು.

ಉಳಿಸುವುದಕ್ಕಂತೂ ಅವಳು ಜೀವ ತೇದಳು. ಮನೆ ಮುಟ್ಟಿದ ಕೂಡಲೇ ತಾಡಪತ್ರಿ ಕಿತ್ತೊಗೆದಳು. ಕೋಳಿಗಳನ್ನು ಒಂದೊಂದಾಗಿ ಹೊತ್ತು ಬೇವಿನ ಮರದ ಕೆಳಗೆ ತಂದು ಬಿಟ್ಟಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೂಡಿಗೆ ತಲೆ ಹಾಕುವಷ್ಟರಲ್ಲಿ ಪಕ್ಕದಲ್ಲಿ ರೇಣುಕಾ ಬಂದು ನಿಂತಿದ್ದಳು, ಅವಳೂ ಓಢಣಿಯನ್ನು ಮೂಗಿಗೆ ಬಿಗಿದಿದ್ದಳು.

"ಡಾಕ್ಟರು ಏನಂದ್ರು ಅತ್ತೀ?"

"ಗೂಡ ಸ್ವಚ್ಛ ಮಾಡ್ರಿ ಅಂದ್ರು."

ಇಬ್ಬರೂ ನೀರು ಚಿಮುಕಿಸುತ್ತ ರವದಿ ಎಳೆದರು. ಮೇಲೆ ಒಣಗಿದಂತೆ ಕಾಣುತ್ತಿದ್ದದ್ದು ಕೆಳಗೆ ಹೆಂಟೆ ಹೆಂಟೆಯಾಗಿ ಹಸಿರುಗಪ್ಪು ತಿರುಗಿತ್ತು. ರೇಣುಕಾ ಒಂದು ಹೆಂಟೆಯನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುವಿ ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. ರೇವವ್ವ ತಲೆ ಎತ್ತಲಿಲ್ಲ. ರೇಣುಕಾ ಆ ಹೆಂಟೆಯನ್ನು ಚೀಲಕ್ಕೆ ಹಾಕಿ ಮುಂದಿನದಕ್ಕೆ ಕೈ ಚಾಚಿದಳು.

ಒಂಬತ್ತು ಚೀಲವಾಯಿತು. ಲಕ್ಷ್ಮಿಯ ಹಾಸಿಗೆಯನ್ನು ಹೊಲದ ಬದುವಿನಾಚೆ ಒಯ್ದು, ಗಾಳಿಗೆ ಬೆನ್ನು ಮಾಡಿ ರೇವವ್ವ ತಾನೇ ಕಡ್ಡಿ ಗೀರಿದಳು. ಮೂವತ್ತು ವರ್ಷದಲ್ಲಿ ಆ ಮನೆಯ ಪದ್ಧತಿ ಮುರಿದದ್ದು ಅದೇ ಮೊದಲು. ಮರುದಿನ ದುಂಡೇಶ ಹೊಲಕ್ಕೆ ಹುಳದ ಎಣ್ಣೆ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು, ಮೈಲುತುತ್ತದ ನೀರು ತುಂಬಿ ಗೂಡಿನ ಸಂದಿಸಂದಿಗೂ ಹೊಡೆದ. ಸುಣ್ಣ ಆಯಿತು. ರೇವವ್ವ ಮರದ ಕೆಳಗೆ ಕೂತು, ನಿತ್ರಾಣವಾದವುಗಳ ಕೊಕ್ಕಿಗೆ ಹತ್ತಿಯಿಂದ ನೀರು ಹನಿಸಿದಳು. ಹೊಸ ಜೋಳ ಕೇರಿ, ಆರಿಸಿ, ಅಂಗೈಯಲ್ಲಿ ಹಿಡಿದು ತಿನ್ನಿಸಿದಳು. ಶನಿವಾರ ಎರಡು ಸತ್ತವು. ರವಿವಾರ, ಸಿಂದಗಿಗೆ ತೊಡೆಯ ಮೇಲೆ ಕೂತು ಹೋಗಿ ಬಂದಿದ್ದ ಕೋಳಿ ಅವಳ ಮಡಿಲಲ್ಲೇ ಕಣ್ಣು ಮುಚ್ಚಿತು. ಅವಳು ಗಟ್ಟಿಯಾಗಿ ಅತ್ತಳು, ಅತ್ತು ಎದ್ದು ಉಳಿದವಕ್ಕೆ ನೀರು ಇಟ್ಟಳು.

ಆಮೇಲೆ ಯಾವುದೂ ಸಾಯಲಿಲ್ಲ. ವಾರ ಕಳೆಯುವಷ್ಟರಲ್ಲಿ ಹನ್ನೊಂದೂ ಕೊಕ್ಕು ಮುಚ್ಚಿ ಉಸಿರಾಡತೊಡಗಿದವು. ಹುಂಜ ಹನ್ನೆರಡು ದಿನದ ಮೇಲೆ ಒಡಕು ದನಿಯಲ್ಲಿ ಕೂಗಿತು. ಲ್ಯಾಬಿನಿಂದಲೂ ಬೂಷ್ಟೇ ಎಂದು ಬಂತು. ಡಾಕ್ಟರು ಫೋನು ಮಾಡಿ ಹೇಳಿದಳು, ರೇವವ್ವ ಅದನ್ನೂ ಯಾರಿಗೂ ಹೇಳಲಿಲ್ಲ.

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಓಣಿಯಲ್ಲಿ ಕೋಳಿ ಗುಣವಾದದ್ದಕ್ಕೆ ಬೇರೆಯೇ ಕಾರಣ ಹಬ್ಬಿತ್ತು. ನಳದ ಹತ್ತಿರ ಹುಚ್ಚವ್ವ ಕೊಡ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ನಾ ಹೇಳಿದ್ದಿಲ್ಲೇನ? ಮೋರಟಗಿ ಕೋಳಿ ಕೊಯ್ದ ದಿನಾನ ರೋಗ ಕಾಲ್ ಕಿತ್ತು. ತವರು ಮನ್ಯಾಗಿಂದ ತರೂವಾಗ ನೋಡಿ ತರಬೇಕಪಾ."

ನಾಲ್ಕು ಹೆಂಗಸರು ಹೌದೆಂದರು. ಅತ್ತೆಯ ಜೊತೆ ನೀರಿಗೆ ಬಂದಿದ್ದ ರೇಣುಕಾ ಅಲ್ಲೇ ಇದ್ದಳು. ಅವಳ ಕೊಡ ತುಂಬಿ ಚೆಲ್ಲುತ್ತಿತ್ತು, ಅವಳು ಎತ್ತಲಿಲ್ಲ.

ರೇವವ್ವನಿಗೆ ಸಿಟ್ಟು ಬಂತು. ಮೊದಲು ಹುಚ್ಚವ್ವನ ಮೇಲೆ. ಆದರೆ ಆ ಮಾತು ಹುಚ್ಚವ್ವನದಲ್ಲ, ತಾನೇ ಇದೇ ಕಲ್ಲಿನ ಮೇಲೆ ನಿಂತು ಆಡಿದ್ದು. ಇವತ್ತು ಸುಮ್ಮನಿದ್ದರೆ ನಾಳೆ ಇದು ಊರ ಮಾತಾಗುತ್ತದೆ. ರೇಣುಕಾ ಮುದುಕಿಯಾದರೂ ಅವಳ ಬೆನ್ನು ಬಿಡುವುದಿಲ್ಲ.

"ಹುಚ್ಚವ್ವಾ, ಬಾಯಿ ಮುಚ್ಚು" ಎಂದಳು. "ರೋಗ ಮೋರಟಗಿಂದ ಬಂದಿಲ್ಲ. ನಮ್ಮ ಹಗೇವಿನ್ಯಾಗಿಂದ ಬಂದೈತಿ. ಮುಗ್ಗಿದ ರವದಿ ನಾನ ಹಾಸೇನಿ, ಗಾಳಿ ಆಡಧಂಗ ನಾನ ಕಟ್ಟೇನಿ. ನನ್ನ ಕೋಳಿ ಕೊಂದಾಕಿ ನಾನು. ಆಕಿ ಕೋಳಿ ಕೊಯ್ಸಿದಾಕೀನೂ ನಾನು. ಡಾಕ್ಟರು ಅವತ್ತ ಹೇಳ್ಯಾರ, ನಾ ಇಷ್ಟು ದಿನ ಮುಚ್ಚಿಟ್ಟೆ."

ಹುಚ್ಚವ್ವ ಸೆರಗು ಸರಿಮಾಡಿಕೊಂಡಳು.

"ಹೋಗ್ಲಿ ಬಿಡ. ಅತ್ತೀ ಸೊಸಿ ಮಾತು, ಮನ್ಯಾಗ ಮಾತಾಡಿದ್ರ ಆತು."

"ಮನ್ಯಾಗ ಅಂದಿದ್ರ ಮನ್ಯಾಗ ಹೇಳ್ತಿದ್ದೆ. ಇಲ್ಲಿ ನಿಂತ ಅಂದೇನಿ, ಇಲ್ಲಿ ನಿಂತ ಹೇಳ್ತೇನಿ." ಆಮೇಲೆ ಸೊಸೆಯ ಕಡೆ ತಿರುಗಿದಳು. ಅಷ್ಟು ಜನರ ಮುಂದೆ ಅದು ಸುಲಭವಿರಲಿಲ್ಲ. "ರೇಣುಕಾ, ನನ್ನ ತಪ್ಪು."

ರೇಣುಕಾ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ನೆಟ್ಟಗಿತ್ತು.

"ರವದಿ ತಗದ ದಿನಾನ ನನಗ ಗೊತ್ತಾಗೈತ್ರಿ. ಅಷ್ಟ ಸಾಲಂಗಿಲ್ಲ ಅತ್ತೀ. ನಮ್ಮವ್ವಗೂ ಹೇಳ್ರಿ."

"ಈಗ ಫೋನ್ ಹಚ್ಚತೇನಿ."

"ಫೋನಿನ್ಯಾಗ ಬ್ಯಾಡ್ರಿ. ಹೋಗಿ ಹೇಳ್ರಿ."

ಗಂಡಿನ ಅವ್ವ ಹೆಣ್ಣಿನವರ ಹೊಸ್ತಿಲಿಗೆ ತಪ್ಪು ಒಪ್ಪಲು ಹೋದದ್ದನ್ನು ಆ ಓಣಿ ಕಂಡಿರಲಿಲ್ಲ. ದುಂಡೇಶ ತಾನು ಹೋಗಿ ಬರುತ್ತೇನೆಂದ. ರೇವವ್ವ ಅವನನ್ನು ಸುಮ್ಮನಿರಿಸಿ, ಮರುದಿನ ಮುಂಜಾನೆಯ ಬಸ್ಸಿಗೆ ಒಬ್ಬಳೇ ಹೊರಟಳು.

ಮೋರಟಗಿಯಲ್ಲಿ ಗುರವ್ವ ಅಂಗಳ ಕಸ ಹೊಡೆಯುತ್ತಿದ್ದಳು. ಬೀಗತಿಯನ್ನು ಕಂಡವಳೇ ಕಸಬರಿಗೆ ಬಿಟ್ಟು, ಒಳಗೆ ಓಡಿ ತಂಬಿಗೆಯಲ್ಲಿ ನೀರು ತಂದು ಎರಡೂ ಕೈಯಿಂದ ಹಿಡಿದಳು. ರೇವವ್ವ ಇನ್ನೂ ಬಾಯಿ ತೆರೆದಿರಲಿಲ್ಲ, ಗುರವ್ವನೇ ಮಾತು ಸುರುಮಾಡಿದಳು.

"ತಪ್ಪಾತ್ರಿ ಬೀಗತ್ಯಾರ. ನಮ್ಮ ಕೋಳಿಯಿಂದ ನಿಮಗ ಅಷ್ಟ ಲುಕ್ಸಾನ ಆತು. ನೀವು ಫೋನ್ ಮಾಡಿದ ದಿನಾನ ಉಳದ ಒಂಬತ್ತೂ ಕೊಯ್ಸಿ ಕುಣಿ ತೋಡಿ ಮುಚ್ಚೀವ್ರಿ. ಮತ್ತೊಬ್ಬರ ಮನಿಗೆ ರೋಗ ಹೋಗಬಾರದಂತ, ಒಂದನ್ನೂ ಬಾಯಿಗೆ ಹಾಕ್ಕೊಳ್ಳಿಲ್ರಿ."

ರೇವವ್ವ ಅಂಗಳದ ಮೂಲೆ ನೋಡಿದಳು. ಗೂಡಿನ ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಫೋನಿನಲ್ಲಿ ಬೇಡ ಎಂದು ರೇಣುಕಾ ಏಕೆ ಅಂದಳೆಂಬುದು ಈಗ ತಿಳಿಯಿತು. ಆ ದಿನ ತಾನಾಡಿದ ಎರಡು ನಿಮಿಷದ ಮಾತು ನೆನಪಾಯಿತು. ಕೈಗೆ ಬಂದ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟಳು. ಕುಡಿಯಲಿಲ್ಲ, ಕೂಡಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದಳು. ರವದಿ, ತಾಡಪತ್ರಿ, ಹೊಗೆ, ಡಾಕ್ಟರು ತೋರಿಸಿದ ಹಳದಿ ಕಾಳು, ಮುಚ್ಚಿಟ್ಟ ದಿನಗಳು, ಒಂದನ್ನೂ ಬಿಡಲಿಲ್ಲ.

ಗುರವ್ವ ಖಾಲಿ ಗೂಡಿನ ಕಡೆ ತಿರುಗಿ ಕೇಳಿದಳು, "ಹಂಗಾರ ನನ್ನ ಕೋಳಿ ಚಲೋ ಇದ್ದೂ ಏನ್ರಿ?"

"ಚಲೋ ಇದ್ದೂ. ಹದಿಮೂರೂ ಚಲೋ ಇದ್ದೂ."

ಗುರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟು ದಿನ ತಲೆ ತಗ್ಗಿಸಿ ಓಡಾಡಿದವಳು ಈಗ ಬೀಗತಿಯ ಮುಖವನ್ನು ನೇರವಾಗಿ ನೋಡಿದಳು.

"ನಮ್ಮ ಓಣಿಯವರೂ ನನ್ನ ರೋಗದ ಕೋಳಿಯಾಕಿ ಅಂದಾರ್ರಿ. ಅವರೂ ಕೇಳಲಿ. ಮತ್ತೊಮ್ಮೆ ಹೇಳ್ತೀರೇನ್ರಿ?"

"ಕರೀರಿ ಎಲ್ಲಾರನೂ" ಎಂದಳು ರೇವವ್ವ.

ಗುರವ್ವ ಕರೆಯಲು ಹೊರಗೆ ಹೋದಳು. ರೇವವ್ವ ಅಂಗಳದ ನಡುವೆ, ಎಲ್ಲರಿಗೂ ಕಾಣುವ ಜಾಗದಲ್ಲಿ ಬಂದು ನಿಂತಳು.